ಬಿಸಿಗಾಳಿಗೆ ಸಿಕ್ಕ ಮೂಲಂಗಿ

ಒಗ್ಗರಣೆಯಲ್ಲಿ ಚಟಪಟ ಸಿಡಿದ ಸಾಸಿವೆ ಹಲ್ಲಿಗೆ ಸಿಕ್ಕರೆ ಘಾಟು ಇರುವುದಿಲ್ಲ. ಹುರಿದ ಕಾಳಿನ ಸಣ್ಣ ಸ್ವಾದ, ಅಷ್ಟೆ. ಅದೇ ಸಾಸಿವೆಯನ್ನು ಹಸಿಯಾಗಿ ತೆಂಗಿನತುರಿಯ ಜೊತೆ ನೀರು ಹಾಕಿ ಅರೆದರೆ ಮೂಗಿಗೆ ಏರುತ್ತದೆ, ಕಣ್ಣಲ್ಲಿ ನೀರು ಬರುತ್ತದೆ. ಮಾವಿನಹಣ್ಣಿನ ಸಾಸಿವೆ ಮಾಡುವ ಮಲೆನಾಡಿನ ಮನೆಗಳಲ್ಲಿ ಇದನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಡಬ್ಬಿ ಒಂದೇ, ಕಾಳೂ ಒಂದೇ. ಒಂದು ಕಡೆ ಘಾಟು ಹುಟ್ಟುತ್ತದೆ, ಇನ್ನೊಂದು ಕಡೆ ಹುಟ್ಟುವುದೇ ಇಲ್ಲ. ಏರ್ ಫ್ರೈಯರಿನಲ್ಲಿ ಮೂಲಂಗಿ ಹುರಿದರೆ ಅದು ಯಾಕೆ ಮೂಲಂಗಿಯ ಹಾಗೆ ಇರುವುದಿಲ್ಲ ಎಂಬುದಕ್ಕೆ ಉತ್ತರ ಈ ಸಾಸಿವೆಯಲ್ಲೇ ಇದೆ. ಹಾಗಾಗಿ ಕತೆಯನ್ನು ಅಲ್ಲಿಂದಲೇ ಶುರು ಮಾಡಬೇಕು.

19ನೇ ಶತಮಾನದ ಯುರೋಪಿನಲ್ಲಿ ಸಾಸಿವೆ ಅಡುಗೆಮನೆಯ ಸಾಮಾನಷ್ಟೇ ಅಲ್ಲ, ಔಷಧಿಯೂ ಆಗಿತ್ತು. ಎದೆ ಕಟ್ಟಿದವರಿಗೆ ಸಾಸಿವೆ ಹಿಟ್ಟಿನ ಪಟ್ಟು ಹಾಕುತ್ತಿದ್ದರು. ಹಾಗಾಗಿ ಔಷಧ ತಯಾರಿಸುವವರಿಗೆ ಅದರ ನಡವಳಿಕೆ ಚೆನ್ನಾಗಿ ಗೊತ್ತಿತ್ತು. ಒಣ ಹಿಟ್ಟಿಗೆ ವಾಸನೆ ಇಲ್ಲ. ತಣ್ಣೀರು ಹಾಕಿ ಕಲಸಿದರೆ ಸ್ವಲ್ಪ ಹೊತ್ತಿನಲ್ಲಿ ಘಾಟು ಏಳುತ್ತದೆ. ಕುದಿಯುವ ನೀರು ಹಾಕಿದರೆ ಸಪ್ಪೆಯಾಗಿಯೇ ಉಳಿಯುತ್ತದೆ. ಘಾಟು ಕಾಳಿನೊಳಗೆ ಮೊದಲೇ ಇದ್ದಿದ್ದರೆ ಬಿಸಿನೀರಿಗೆ ಇನ್ನೂ ಬೇಗ ಹೊರಗೆ ಬರಬೇಕಿತ್ತಲ್ಲ? 1840ರಲ್ಲಿ ಪ್ಯಾರಿಸ್ಸಿನ ಆಂಟ್ವಾನ್ ಬ್ಯುಸಿ ಎಂಬ ರಸಾಯನಶಾಸ್ತ್ರಜ್ಞ ಇದನ್ನು ಬಿಡಿಸಿದರು. ಕರಿಸಾಸಿವೆಯಲ್ಲಿ ಇರುವುದು ಘಾಟಲ್ಲ, ಘಾಟನ್ನು ಹುಟ್ಟಿಸುವ ಎರಡು ವಸ್ತು ಎಂದು ತೋರಿಸಿದರು. ಒಂದು, ಗಂಧಕವೂ ಸಕ್ಕರೆಯೂ ಸೇರಿಕೊಂಡಿರುವ ಒಂದು ಲವಣ. ಇನ್ನೊಂದು, ಅದನ್ನು ಒಡೆಯುವ ಪ್ರೋಟೀನು. ಅದಕ್ಕೆ ಅವರು ಮೈರೋಸಿನ್ ಎಂದು ಹೆಸರಿಟ್ಟರು. ಎರಡೂ ನೀರಿನಲ್ಲಿ ಸೇರಿದಾಗ ಮಾತ್ರ ಸಾಸಿವೆಯ ಎಣ್ಣೆಯ ಘಾಟು ಏಳುತ್ತದೆ. ಕುದಿನೀರು ಆ ಪ್ರೋಟೀನನ್ನು ಕೊಂದುಬಿಡುತ್ತದೆ. ಒಗ್ಗರಣೆಯ ಎಣ್ಣೆಯೂ ಅದನ್ನೇ ಮಾಡುವುದು.

ಎರಡು ವಸ್ತುಗಳೂ ಒಂದೇ ಕಾಳಿನಲ್ಲಿದ್ದರೆ ತಮ್ಮಷ್ಟಕ್ಕೆ ತಾವೇ ಯಾಕೆ ಸೇರಿಕೊಳ್ಳುವುದಿಲ್ಲ? 1890ರಲ್ಲಿ ಲಿಯೋನ್ ಗಿನ್ಯಾರ್ ಎಂಬ ಫ್ರೆಂಚ್ ಸಸ್ಯವಿಜ್ಞಾನಿ ಸೂಕ್ಷ್ಮದರ್ಶಕದಡಿ ನೋಡಿ ಹೇಳಿದ್ದು ಇದಕ್ಕೆ ಉತ್ತರ: ಸಾಸಿವೆಯ ಕುಲದ ಗಿಡಗಳಲ್ಲಿ ಮೈರೋಸಿನ್ ಎಲ್ಲ ಕಡೆ ಹರಡಿಕೊಂಡಿಲ್ಲ, ಅದಕ್ಕೆಂದೇ ಬೇರೆ ಜೀವಕೋಶಗಳಿವೆ. ಗಿಡ ತನ್ನ ಮದ್ದನ್ನೂ ಕಿಡಿಯನ್ನೂ ಬೇರೆ ಬೇರೆ ಕೋಣೆಯಲ್ಲಿ ಇಟ್ಟುಕೊಂಡಿರುತ್ತದೆ. ಹುಳು ಕಚ್ಚಿದಾಗ, ದನ ಬಾಯಿ ಹಾಕಿದಾಗ, ನಾವು ಚಾಕು ಹಾಕಿದಾಗ ಗೋಡೆ ಒಡೆದು ಎರಡೂ ಸೇರುತ್ತವೆ. ಆಗ ಹುಟ್ಟುವ ಘಾಟು ತಿನ್ನಲು ಬಂದವರನ್ನು ಓಡಿಸುವುದಕ್ಕೆ. ಮನುಷ್ಯ ಮಾತ್ರ ಓಡಲಿಲ್ಲ, ಅದನ್ನೇ ರುಚಿ ಮಾಡಿಕೊಂಡ.

ಮೂಲಂಗಿಯೂ ಸಾಸಿವೆಯ ಕುಲದ್ದೇ. ಅದರ ನಾಲ್ಕು ಎಸಳಿನ ಹೂವು ನೋಡಿದವರಿಗೆ ನಂಟು ತಾನಾಗಿ ಗೊತ್ತಾಗುತ್ತದೆ. ಮೂಲಂಗಿಯೊಳಗಿನ ಮುಖ್ಯ ಗಂಧಕ ವಸ್ತುವಿನ ಹೆಸರು ಗ್ಲುಕೋರಫಾಸಾಟಿನ್. ಬ್ಯುಸಿಯವರ ಮೈರೋಸಿನ್ ಈಗ ಮೈರೋಸಿನೇಸ್ ಎಂಬ ಕಿಣ್ವವಾಗಿದೆ. ಹೋಳು ಮಾಡಿದೊಡನೆ ಎರಡೂ ಸೇರಿ ಮೂಲಂಗಿಗೇ ವಿಶಿಷ್ಟವಾದ ಒಂದು ಐಸೋಥಯೋಸಯನೇಟ್ ಹುಟ್ಟುತ್ತದೆ. ನಾಲಿಗೆಗೆ ಚುರುಕ್ ಎನ್ನುವುದು ಅದೇ. ಅದು ಬಹಳ ಹೊತ್ತು ನಿಲ್ಲುವ ವಸ್ತುವೂ ಅಲ್ಲ. ನೀರಿನಲ್ಲಿ ಬೇಗ ಒಡೆದು ಬೇರೆ ಬೇರೆ ರೂಪ ತಾಳುತ್ತದೆ. ಜಪಾನಿನ ಉಪ್ಪಿನಕಾಯಿ ಮೂಲಂಗಿ ಹಳದಿಯಾಗುವುದೂ ಅದಕ್ಕೊಂದು ಗಟ್ಟಿ ವಾಸನೆ ಬರುವುದೂ ಇದರಿಂದಲೇ. ಗ್ಲುಕೋರಫಾಸಾಟಿನ್ನೇ ಇಲ್ಲದ ಮೂಲಂಗಿಯನ್ನು ಜಪಾನಿನ ತಳಿವಿಜ್ಞಾನಿಗಳು ಹುಡುಕಿ ತೆಗೆದರು. ಅದನ್ನು ತಯಾರಿಸುವ ಜೀನು ಯಾವುದು ಎಂಬುದು 2017ರಲ್ಲಿ ಪ್ರಕಟವಾಯಿತು.

ಇಷ್ಟು ಗೊತ್ತಾದರೆ ಅಡುಗೆಗೆ ಬೇಕಾದ ಒಂದು ಮಾತು ಸಿಕ್ಕ ಹಾಗಾಯಿತು. ಮೂಲಂಗಿ ಘಾಟೋ ಅಲ್ಲವೋ ಎನ್ನುವುದು ಗಡ್ಡೆಯಲ್ಲಿ ಪೂರ್ತಿ ಬರೆದಿಟ್ಟಿರುವುದಿಲ್ಲ. ಚಾಕು ಮೊದಲು ಬಂತೋ ಕಾವು ಮೊದಲು ಬಂತೋ, ನಡುವೆ ಎಷ್ಟು ಹೊತ್ತು ಹೋಯಿತು ಎನ್ನುವುದರ ಮೇಲೆ ಅರ್ಧ ನಿರ್ಧಾರವಾಗುತ್ತದೆ. ತುರಿದು ಬಿಟ್ಟರೆ ಘಾಟು ಏರುತ್ತದೆ, ಯಾಕೆಂದರೆ ತುರಿಮಣೆ ಒಡೆದಷ್ಟು ಕೋಶಗಳನ್ನು ಬೇರೆ ಯಾವುದೂ ಒಡೆಯುವುದಿಲ್ಲ. ದಪ್ಪ ಹೋಳು ಮಾಡಿ ತಕ್ಷಣ ಬಿಸಿಗೆ ಹಾಕಿದರೆ ಕಿಣ್ವ ಸತ್ತು, ಒಳಗಿನ ಗಂಧಕ ವಸ್ತುವಿನ ಬಹುಪಾಲು ಒಡೆಯದೆ ಉಳಿಯುತ್ತದೆ, ಮುಚ್ಚಿಕೊಂಡಿದ್ದ ಸಿಹಿ ಮೇಲೆ ಬರುತ್ತದೆ. ಸಿಪ್ಪೆಯ ಹತ್ತಿರ ಮತ್ತು ಗಡ್ಡೆಯ ಬಾಲದ ಕಡೆ ಘಾಟು ಹೆಚ್ಚು, ಎಲೆಯ ಕಡೆಯ ಭಾಗ ಮೆತ್ತಗೆ. ಕೋಸಂಬರಿಗೆ ತಲೆಯ ಭಾಗ, ಹುರಿಯುವುದಕ್ಕೆ ಬಾಲದ ಭಾಗ ಎಂದು ಹಂಚಿಕೊಂಡರೆ ಒಂದೇ ಮೂಲಂಗಿಯಲ್ಲಿ ಎರಡು ಅಡುಗೆ ಚೆನ್ನಾಗಿ ಕೂರುತ್ತವೆ.

ಏರ್ ಫ್ರೈಯರಿನಲ್ಲಿ ಮೂಲಂಗಿ ಎಂದಾಗ ಅಮೆರಿಕದವರಿಗೂ ನಮಗೂ ಆಶ್ಚರ್ಯವಾಗುವುದು ಬೇರೆ ಬೇರೆ ಕಾರಣಕ್ಕೆ. ಅಲ್ಲಿ ಮೂಲಂಗಿ ಎಂದರೆ ಗೋಲಿ ಗಾತ್ರದ ಕೆಂಪು ಗಡ್ಡೆ. ಹಸಿಯಾಗಿ ಸಲಾಡಿಗೆ ಹಾಕಿಕೊಳ್ಳುವುದು, ಫ್ರಾನ್ಸಿನಲ್ಲಾದರೆ ಬೆಣ್ಣೆ ಉಪ್ಪು ಹಚ್ಚಿ ಕಚ್ಚುವುದು. ಅದನ್ನು ಬೇಯಿಸಬಹುದು ಎನ್ನುವುದೇ ಅವರಲ್ಲಿ ಅನೇಕರಿಗೆ ಹೊಸ ವಿಷಯ. ನಮಗೆ ಅದೇನು ಹೊಸದು? ಹುಳಿಗೆ ಮೂಲಂಗಿ ಬೀಳದ ಮನೆ ಕರ್ನಾಟಕದಲ್ಲಿ ಇದೆಯೇ? ತೊಗರಿಬೇಳೆಯ ಜೊತೆ ಬೆಂದ ಮೂಲಂಗಿ ಹೋಳು, ಸೊಪ್ಪು ಸೇರಿಸಿ ಮಾಡಿದ ಪಲ್ಯ, ಮೊಸರುಬಜ್ಜಿ, ಅಕ್ಕಿರೊಟ್ಟಿಗೆ ಕಲಸಿದ ತುರಿ. ಆದರೆ ಈ ಪಟ್ಟಿಯನ್ನು ಇನ್ನೊಮ್ಮೆ ನೋಡಿ. ಒಂದೋ ಹಸಿ, ಇಲ್ಲವೋ ನೀರಿನಲ್ಲಿ ಇಲ್ಲವೇ ತನ್ನದೇ ಹಬೆಯಲ್ಲಿ ಬೆಂದದ್ದು. ರೊಟ್ಟಿಯಲ್ಲೂ ತುರಿಗೆ ಕಾವಲಿ ನೇರವಾಗಿ ತಾಗುವುದು ಅಲ್ಪಸ್ವಲ್ಪ. ಮೂಲಂಗಿಯನ್ನು ಒಣ ಕಾವಿಗೆ ಒಡ್ಡಿ, ಅದರ ನೀರನ್ನು ಹಾರಿಸಿ, ಹೊಂಬಣ್ಣ ಬರುವ ತನಕ ಹುರಿಯುವುದು ನಮ್ಮ ಅಡುಗೆಯಲ್ಲಿ ಇರಲಿಲ್ಲವೆನ್ನಬೇಕು. ಅವರಿಗೆ ಹೊಸದು ಕಾವು, ನಮಗೆ ಹೊಸದು ಒಣಗುವುದು. ನಮಗೆ ಸಿಗುವ ರುಚಿ ಹುಳಿಯ ಮೂಲಂಗಿಗಿಂತ ಎಷ್ಟು ದೂರ ಎನ್ನುವುದು ತಿಂದ ಮೇಲೆಯೇ ಗೊತ್ತಾಗುವುದು.

ಒಣ ಕಾವನ್ನು ಬಾಣಲೆಯಲ್ಲೂ ಕೊಡಬಹುದಲ್ಲ ಎಂದು ಕೇಳಬಹುದು. ಕೊಡಬಹುದು, ಆದರೆ ಮೂಲಂಗಿಯ ಮಟ್ಟಿಗೆ ಅದು ಬಹಳ ಕಷ್ಟ. 100 ಗ್ರಾಂ ಮೂಲಂಗಿಯಲ್ಲಿ ಸುಮಾರು 95 ಗ್ರಾಂ ನೀರು. ಬಾಣಲೆಗೆ ಹಾಕಿದ ಕೂಡಲೇ ನೀರು ಬಿಡುತ್ತದೆ, ತಾನು ಬಿಟ್ಟ ನೀರಿನಲ್ಲಿ ತಾನೇ ಬೇಯುತ್ತದೆ. ನೀರು ಇರುವ ತನಕ ಹೋಳಿನ ಮೈ 100 ಡಿಗ್ರಿ ಸೆಲ್ಸಿಯಸ್ ದಾಟುವುದಿಲ್ಲ, ಬಣ್ಣ ಬರುವುದಿಲ್ಲ. ಹೋಳಿನ ಸುತ್ತ ನಿಂತ ಹಬೆಯನ್ನು ಹುಟ್ಟಿದ ಹಾಗೆಯೇ ಯಾರಾದರೂ ಎತ್ತಿಕೊಂಡು ಹೋಗಬೇಕು. ಆ ಕೆಲಸಕ್ಕೆ ಬೇಕಾದದ್ದು ಓಡುವ ಬಿಸಿಗಾಳಿ.

ಓಡುವ ಬಿಸಿಗಾಳಿ ಅಡುಗೆಗೆ ಬಂದದ್ದು ವಿಮಾನದ ದಾರಿಯಲ್ಲಿ. ಎರಡನೇ ಮಹಾಯುದ್ಧದ ಕಾಲ. ಅಮೆರಿಕದ ನೌಕಾದಳದ ಸಾಗಣೆ ವಿಮಾನಗಳು ಸಾಗರ ದಾಟಿ ಗಂಟೆಗಟ್ಟಲೆ ಹಾರುತ್ತಿದ್ದವು; ಒಳಗಿದ್ದವರಿಗೆ ತಣ್ಣಗಿನ ಸ್ಯಾಂಡ್‌ವಿಚ್ ಬಿಟ್ಟರೆ ಬಿಸಿ ಊಟದ ಏರ್ಪಾಡು ಕಷ್ಟವಾಗಿತ್ತು. ವಿಲಿಯಂ ಮ್ಯಾಕ್ಸನ್ ಎಂಬ ಸಂಶೋಧಕರು ನೌಕಾದಳದಲ್ಲೇ ಇದ್ದು ಬಂದವರು. ಅವರ ಕಂಪನಿ ನಾಲ್ಕು ನಳಿಗೆಯ ವಿಮಾನನಾಶಕ ಬಂದೂಕಿನ ಪೀಠ ತಯಾರಿಸಿ ಹೆಸರಾಗಿತ್ತು. ಮಾಂಸ, ತರಕಾರಿ, ಆಲೂಗಡ್ಡೆಗೆ ಮೂರು ಗುಳಿಗಳಿದ್ದ ತಟ್ಟೆಯಲ್ಲಿ ಬೇಯಿಸಿದ ಊಟವನ್ನು ಹೆಪ್ಪುಗಟ್ಟಿಸಿ ಇಟ್ಟು, ಆಕಾಶದಲ್ಲಿ ಬಿಸಿ ಮಾಡಿ ಕೊಡುವ ಯೋಜನೆ ಅವರದ್ದು. ಆದರೆ ಮಾಮೂಲು ಓವನ್ನು ವಿಮಾನಕ್ಕೆ ಭಾರ, ಮೇಲಾಗಿ ನಿಧಾನ. ಅದರೊಳಗೆ ಗಾಳಿ ನಿಂತಿರುತ್ತದೆ. ನಿಂತ ಗಾಳಿ ಕಾವನ್ನು ಸಾಗಿಸುವುದರಲ್ಲಿ ಬಹಳ ಮಂದ. ತಣ್ಣಗಿನ ಆಹಾರದ ಸುತ್ತ ತಣ್ಣಗಿನ ತೇವದ ಒಂದು ಪದರ ಕಟ್ಟಿಕೊಂಡು ಬಿಸಿಯನ್ನು ಹತ್ತಿರ ಬಿಡುವುದಿಲ್ಲ. ಮ್ಯಾಕ್ಸನ್ ಓವನ್ನಿನ ಹಿಂದೆ ಒಂದು ಫ್ಯಾನು ಕೂರಿಸಿದರು. ಬೀಸುವ ಗಾಳಿ ಆ ಪದರವನ್ನು ಕಿತ್ತುಕೊಂಡು ಹೋಗುತ್ತದೆ, ಹೊಸ ಬಿಸಿಗಾಳಿ ಆ ಜಾಗಕ್ಕೆ ಬರುತ್ತದೆ. 1945ರ ಸುಮಾರಿಗೆ ಅವರ ಸುಂಟರಗಾಳಿ ಓವನ್ನು ವಿಮಾನ ಹತ್ತಿತು. 1947ರಲ್ಲಿ ಅವರು ತೀರಿಕೊಂಡರು, ಹೆಪ್ಪುಗಟ್ಟಿಸಿದ ಊಟದ ವ್ಯಾಪಾರ ಅಲ್ಲಿಗೆ ಮುಗಿಯಿತು. ಫ್ಯಾನು ಮಾತ್ರ ಬೇಕರಿಗಳಿಗೆ, ಹೋಟೆಲುಗಳಿಗೆ, ಆಮೇಲೆ ಮನೆಯ ಓವನ್ನುಗಳಿಗೆ ಹರಡಿತು. ಇಷ್ಟು ಉಪಕಾರ ಮಾಡಿದ ಮನುಷ್ಯನ ಹೆಸರು ಅಡುಗೆಮನೆಯಲ್ಲಿ ಯಾರ ಬಾಯಲ್ಲೂ ಇಲ್ಲ ಎನ್ನುವುದು ನನಗೆ ಬೇಸರದ ವಿಷಯ.

ಮುಂದಿನ ಹೆಜ್ಜೆ ನೆದರ್ಲೆಂಡ್ಸಿನದು, ಅದಕ್ಕೆ ಕಾರಣ ಆಲೂಗಡ್ಡೆ. ಡಚ್ಚರಿಗೆ ಕರಿದ ಆಲೂಗಡ್ಡೆ ಕಡ್ಡಿಗಳ ಮೇಲೆ ಇರುವ ಪ್ರೀತಿ ದೊಡ್ಡದು; ಅದನ್ನು ಎರಡು ಸಲ ಕರಿಯುವ ಪದ್ಧತಿ ಅವರದು. ಮನೆಯ ಓವನ್ನಿನಲ್ಲಿ ಎಣ್ಣೆಯಿಲ್ಲದೆ ಮಾಡಹೋದರೆ ಅದು ಮೆತ್ತಗಾಗುತ್ತದೆ ಇಲ್ಲವೇ ಒಣಗಿ ಕೂರುತ್ತದೆ. ಫ್ರೆಡ್ ವಾನ್ ಡರ್ ವೇಯ್ ಎಂಬ ಡಚ್ ಸಂಶೋಧಕರು 2000ರ ದಶಕದಲ್ಲಿ ವರ್ಷಗಟ್ಟಲೆ ಈ ಒಂದೇ ತೊಡಕಿನ ಹಿಂದೆ ಬಿದ್ದರು. ಅವರ ತಂತ್ರವನ್ನು ಫಿಲಿಪ್ಸ್ ಕಂಪನಿ ತೆಗೆದುಕೊಂಡು, 2010ರಲ್ಲಿ ಬರ್ಲಿನ್ನಿನ ಎಲೆಕ್ಟ್ರಾನಿಕ್ಸ್ ಮೇಳದಲ್ಲಿ ಏರ್‌ಫ್ರೈಯರ್ ಎಂದು ಜನರ ಮುಂದಿಟ್ಟಿತು.

ಬಿಸಿಗಾಳಿ ಓವನ್ನಿಗೂ ಇದಕ್ಕೂ ಏನು ವ್ಯತ್ಯಾಸ ಎಂದು ಅಂಗಡಿಯಲ್ಲಿ ಕೇಳಿದರೆ ಸರಿಯಾದ ಉತ್ತರ ಸಿಗುವುದು ಕಡಿಮೆ. ಮೂಲ ತತ್ವ ಒಂದೇ. ವ್ಯತ್ಯಾಸ ಜಾಗದಲ್ಲಿದೆ, ಗಾಳಿಯ ದಾರಿಯಲ್ಲಿದೆ. ಓವನ್ನಿನಲ್ಲಿ ಆಹಾರ ತಟ್ಟೆಯ ಮೇಲೆ ಕೂತಿರುತ್ತದೆ, ಗಾಳಿ ಮೇಲಿನಿಂದ ಸವರಿಕೊಂಡು ಹೋಗುತ್ತದೆ; ಹೋಳಿನ ಅಡಿಭಾಗಕ್ಕೆ ಗಾಳಿಯೇ ತಾಗುವುದಿಲ್ಲ. ಇಲ್ಲಿ ಬುಟ್ಟಿಯ ತಳ ಜಾಲರಿ. ಮೇಲಿರುವ ಕಾಯಿಲ್ ಗಾಳಿಯನ್ನು ಕಾಯಿಸುತ್ತದೆ, ಫ್ಯಾನು ಅದನ್ನು ಬುಟ್ಟಿಯ ಹೊರಗೋಡೆಯ ಗುಂಟ ಕೆಳಗೆ ನೂಕುತ್ತದೆ. ಫಿಲಿಪ್ಸಿನ ಮೊದಲ ಯಂತ್ರದ ತಳದಲ್ಲಿ ನಕ್ಷತ್ರಮೀನಿನ ಆಕಾರದ ಉಬ್ಬು ಇತ್ತು. ಅದಕ್ಕೆ ಬಡಿದ ಗಾಳಿ ದಿಕ್ಕು ಬದಲಿಸಿ, ಜಾಲರಿಯ ತೂತುಗಳಿಂದ ನೇರ ಮೇಲಕ್ಕೆ, ಹೋಳುಗಳ ನಡುವೆ ನುಗ್ಗಿ ಮತ್ತೆ ಕಾಯಿಲ್ ಸೇರುತ್ತದೆ. ಕೋಣೆ ಚಿಕ್ಕದಾದ್ದರಿಂದ ಅದೇ ಗಾಳಿ ಮತ್ತೆ ಮತ್ತೆ ಬೇಗ ಬೇಗ ಸುತ್ತುತ್ತದೆ. ಹಬೆ ಹೊರಗೆ ಹೋಗಲು ಹಿಂಬದಿಯಲ್ಲಿ ಕಿಂಡಿ. ಇಷ್ಟೇ ಯಂತ್ರ. ಬುಟ್ಟಿಯ ತುಂಬ ತರಕಾರಿ ತುರುಕಿದರೆ ಇದು ಕೆಲಸ ಮಾಡುವುದಿಲ್ಲ ಎನ್ನುವುದಕ್ಕೂ ಕಾರಣ ಇದೇ. ಗಾಳಿಗೆ ದಾರಿ ಕಟ್ಟಿದರೆ ಉಳಿಯುವುದು ಹಬೆ, ಹಬೆಯಲ್ಲಿ ಬೆಂದ ಮೂಲಂಗಿ ಬೇಕಿದ್ದರೆ ಇಡ್ಲಿ ಪಾತ್ರೆ ಸಾಕು.

ಇನ್ನು ಹೊಂಬಣ್ಣದ ಕತೆ. ಅದನ್ನು ಕಂಡವರು ಅಡುಗೆಯವರಲ್ಲ, ಅಡುಗೆಯ ಯೋಚನೆಯೂ ಅವರಿಗಿರಲಿಲ್ಲ. ಲೂಯಿ ಕಮೀಲ್ ಮೈಯಾರ್ ಫ್ರಾನ್ಸಿನ ಲೊರೇನ್ ಪ್ರಾಂತದ ವೈದ್ಯ, ರಸಾಯನಶಾಸ್ತ್ರಜ್ಞ. ಮೂತ್ರಪಿಂಡದ ಕಾಯಿಲೆಗಳ ಬಗ್ಗೆ ಕೆಲಸ ಮಾಡಿದವರು. ದೇಹ ಅಮೈನೋ ಆಮ್ಲಗಳನ್ನು ಪೋಣಿಸಿ ಪ್ರೋಟೀನು ಹೇಗೆ ಕಟ್ಟುತ್ತದೆ ಎನ್ನುವುದು ಅವರನ್ನು ಕಾಡುತ್ತಿದ್ದ ಪ್ರಶ್ನೆ. ಮೊದಲು ಗ್ಲಿಸರಿನ್ ಜೊತೆ ಅಮೈನೋ ಆಮ್ಲ ಕಾಯಿಸಿ ನೋಡಿದರು. ಗ್ಲಿಸರಿನ್ ಹೋಗಿ ಸಕ್ಕರೆ ಇದ್ದರೆ ಏನಾಗಬಹುದು ಎಂಬ ಯೋಚನೆ ಬಂತು. ಗ್ಲೈಸಿನ್ ಎಂಬ ಸಾಮಾನ್ಯ ಅಮೈನೋ ಆಮ್ಲವನ್ನೂ ಗ್ಲುಕೋಸನ್ನೂ ಸ್ವಲ್ಪ ನೀರಿನಲ್ಲಿ ಗಟ್ಟಿಯಾಗಿ ಕರಗಿಸಿ, ಕುದಿಯುವ ನೀರಿನ ಪಾತ್ರೆಯಲ್ಲಿಟ್ಟು ಕಾಯಿಸಿದರು. ನಿಮಿಷಗಳಲ್ಲಿ ದ್ರವ ತಿಳಿಹಳದಿಯಾಯಿತು. ಹಳದಿ ಬೇಗ ಬೇಗ ಗಾಢವಾಗಿ ಕಂದು ಬಣ್ಣಕ್ಕೆ ತಿರುಗಿತು. ನೊರೆ ಎದ್ದು ಇಂಗಾಲದ ಡೈ ಆಕ್ಸೈಡ್ ಗುಳ್ಳೆಗುಳ್ಳೆಯಾಗಿ ಹೊರಟಿತು. ಅವರು ಹುಡುಕಿದ್ದು ಪ್ರೋಟೀನು, ಸಿಕ್ಕಿದ್ದು ಈ ಬಣ್ಣ. 1912ರಲ್ಲಿ ಫ್ರೆಂಚ್ ವಿಜ್ಞಾನ ಅಕಾಡೆಮಿಗೆ ಇದನ್ನು ತಿಳಿಸಿದರು. ಮಣ್ಣಿನಿಂದ ಹಿಡಿದು ಮನುಷ್ಯನ ದೇಹದವರೆಗೆ ಇದಕ್ಕೆ ಮಹತ್ವವಿದೆ ಎಂದು ಅವರಿಗೆ ಹೊಳೆದಿತ್ತು. ಆದರೆ ಬ್ರೆಡ್ಡಿನ ಹೊರಪದರ, ಹುರಿದ ಕಾಫಿ ಬೀಜ, ಕೆಂಪಗೆ ಕಂದಿದ ಈರುಳ್ಳಿ, ಇವೆಲ್ಲಕ್ಕೂ ತಮ್ಮ ಹೆಸರು ಅಂಟಿಕೊಂಡದ್ದನ್ನು ಅವರು ಕಾಣಲಿಲ್ಲ. 1936ರಲ್ಲಿ ತೀರಿಕೊಂಡರು.

ಅವರ ಮಾತಿಗೆ ಬೆಲೆ ಬಂದದ್ದು ಮತ್ತೆ ಯುದ್ಧದಿಂದ. ಸೈನಿಕರಿಗೆ ಕಳಿಸಿದ ಒಣ ಮೊಟ್ಟೆ ಪುಡಿ, ಒಣ ಹಾಲು, ಒಣ ತರಕಾರಿ ಗೋದಾಮಿನಲ್ಲಿ ಕಂದಿ ಕೆಡುತ್ತಿದ್ದವು. ಯಾಕೆ ಎಂದು ಹುಡುಕಿದಾಗ ಮೈಯಾರರ ಹಳೆಯ ಬರಹ ಹೊರಬಂತು. 1953ರಲ್ಲಿ ಅಮೆರಿಕದ ಕೃಷಿ ಇಲಾಖೆಯ ಪಿಯೋರಿಯಾ ಪ್ರಯೋಗಾಲಯದಲ್ಲಿದ್ದ ಜಾನ್ ಹಾಜ್ ಈ ಕ್ರಿಯೆಯ ಹಂತಗಳನ್ನು ಒಂದು ನಕ್ಷೆಯಾಗಿ ಬಿಡಿಸಿ ಇಟ್ಟರು. ಕಪ್ಪು ಜನಾಂಗದವರಿಗೆ ವಿಜ್ಞಾನದ ಬಾಗಿಲುಗಳು ಹೆಚ್ಚಾಗಿ ಮುಚ್ಚಿದ್ದ ಕಾಲದಲ್ಲಿ ಆ ಪ್ರಯೋಗಾಲಯ ಸೇರಿ ಅಲ್ಲಿಯೇ ದುಡಿದ ಕಪ್ಪು ರಸಾಯನಶಾಸ್ತ್ರಜ್ಞ ಅವರು. ಅವರ ನಕ್ಷೆಯನ್ನು ಆಹಾರ ವಿಜ್ಞಾನದವರು ಇಂದಿಗೂ ಬಿಟ್ಟಿಲ್ಲ. ಮೈಯಾರರ ಹೆಸರಿನ ಪಕ್ಕದಲ್ಲಿ ಹಾಜ್ ಅವರ ಹೆಸರೂ ಬರಬೇಕಾದದ್ದು ನ್ಯಾಯ.

ಮೈಯಾರರ ಪಾತ್ರೆಯಲ್ಲಿ ಗಮನಿಸಬೇಕಾದ ಒಂದು ಸಂಗತಿ, ದ್ರಾವಣ ಗಟ್ಟಿಯಾಗಿತ್ತು ಎನ್ನುವುದು. ತೆಳ್ಳಗಿದ್ದಿದ್ದರೆ ಅಷ್ಟು ಬೇಗ ಬಣ್ಣ ಬರುತ್ತಿರಲಿಲ್ಲ. ಮೂಲಂಗಿಯಲ್ಲಿ 100 ಗ್ರಾಮಿಗೆ ಸುಮಾರು 2 ಗ್ರಾಂ ಸಕ್ಕರೆ ಇದೆ, ಒಂದಿಷ್ಟು ಅಮೈನೋ ಆಮ್ಲವೂ ಇದೆ, ಆದರೆ ಎಲ್ಲವೂ ಆ 95 ಗ್ರಾಂ ನೀರಿನಲ್ಲಿ ತೆಳ್ಳಗೆ ಕರಗಿ ಹೋಗಿದೆ. ಹುಳಿಯಲ್ಲಿ ಎಷ್ಟು ಕುದಿಸಿದರೂ ಮೂಲಂಗಿ ಕಂದುವುದಿಲ್ಲ. ಬಿಸಿಗಾಳಿ ಹೋಳಿನ ಮೈಯ ನೀರನ್ನು ಹಾರಿಸಿದಾಗ ಅಲ್ಲಿ ಸಕ್ಕರೆ ಗಟ್ಟಿಯಾಗುತ್ತದೆ, ಮೈಯ ಕಾವು 140 ಡಿಗ್ರಿಯ ಕಡೆಗೆ ಏರುತ್ತದೆ, ಆಗ ಬಣ್ಣ ಚುರುಕಾಗಿ ಹತ್ತುತ್ತದೆ. 1840ರ ಬ್ಯುಸಿ, 1912ರ ಮೈಯಾರ್, 1945ರ ಮ್ಯಾಕ್ಸನ್ ಮೂವರೂ ಒಂದೇ ಹೋಳಿನಲ್ಲಿ ಸೇರುವುದು ಹೀಗೆ. ಒಳಗೆ ಕಿಣ್ವ ಸಾಯುತ್ತದೆ, ಹೊರಗೆ ಬಣ್ಣ ಹುಟ್ಟುತ್ತದೆ, ಎರಡನ್ನೂ ಮಾಡಿಸುವುದು ಗಾಳಿ.

ಮೂಲಂಗಿಯನ್ನು ಈ ಬುಟ್ಟಿಗೆ ಹಾಕಲು ಕಾರಣರಾದವರು ಆಲೂಗಡ್ಡೆ ಬಿಟ್ಟವರು. ಹಿಟ್ಟಿನ ಪದಾರ್ಥ, ಸಕ್ಕರೆ, ಆಲೂಗಡ್ಡೆ ಬಿಟ್ಟು ಮೈ ಇಳಿಸುವ ಪಥ್ಯ ಹಳೆಯದು. 1863ರಲ್ಲಿ ಲಂಡನ್ನಿನ ವಿಲಿಯಂ ಬ್ಯಾಂಟಿಂಗ್ ತಾವು ಹೀಗೆ ಮಾಡಿ ತೂಕ ಇಳಿಸಿದ್ದನ್ನು ಬರೆದು ಹಂಚಿದ್ದರು. 1972ರಲ್ಲಿ ರಾಬರ್ಟ್ ಅಟ್ಕಿನ್ಸ್ ಎಂಬ ಅಮೆರಿಕದ ವೈದ್ಯರ ಪುಸ್ತಕ ಬಂದ ಮೇಲೆ ಈ ದಾರಿ ಹಿಡಿದವರ ಸಂಖ್ಯೆ ಬೆಳೆಯಿತು. ಆಲೂಗಡ್ಡೆಯ ಆಸೆ ಇದ್ದೇ ಇರುತ್ತದಲ್ಲ, ಅದರ ಜಾಗದಲ್ಲಿ ಏನಿಡುವುದು ಎಂದು ಅವರ ಅಡುಗೆಮನೆಗಳು ಹುಡುಕಿದವು. 100 ಗ್ರಾಂ ಆಲೂಗಡ್ಡೆಯಲ್ಲಿ ಕಾರ್ಬೋಹೈಡ್ರೇಟು ಸುಮಾರು 17 ಗ್ರಾಂ. ಮೂಲಂಗಿಯಲ್ಲಿ ಮೂರೂವರೆ ಗ್ರಾಂ. ಕೆಂಪು ಮೂಲಂಗಿಯನ್ನು ಎರಡು ಹೋಳು ಮಾಡಿ ಹುರಿದರೆ ನೋಡಲು ಪುಟ್ಟ ಆಲೂಗಡ್ಡೆಯೇ. ಘಾಟು ಹೋಗಿದ್ದನ್ನು ಕಂಡು ಅವರಿಗೆ ಖುಷಿಯಾಯಿತು. ಹೀಗೆ ಹೆಸರಿಲ್ಲದ ಅನೇಕ ಅಡುಗೆಯವರ ಕೈಯಲ್ಲಿ ಇದು ಬೆಳೆಯಿತು.

ಆದರೆ ಇದನ್ನು ಆಲೂಗಡ್ಡೆ ಎಂದು ನಂಬಿ ತಿನ್ನಲು ಕೂತವರಿಗೆ ನಿರಾಸೆ ಖಂಡಿತ, ಅದನ್ನು ಮುಚ್ಚಿಡಬಾರದು. ಆಲೂಗಡ್ಡೆ ಹೊರಗೆ ಗರಿಗರಿ, ಒಳಗೆ ಪುಡಿಪುಡಿಯಾಗುವುದು ಅದರ ಪಿಷ್ಟದಿಂದ. ಮೂಲಂಗಿಯಲ್ಲಿ ಪಿಷ್ಟ ಇಲ್ಲವೆನ್ನುವಷ್ಟು ಕಡಿಮೆ. ಅದು ಎಂದೂ ಚಿಪ್ಸ್ ಆಗುವುದಿಲ್ಲ. ಒಳಗೆ ಮೆತ್ತಗೆ, ರಸಭರಿತ. ಹೊರಗೆ ಸುಕ್ಕುಗಟ್ಟಿದ ತೆಳು ಚರ್ಮ, ಅಂಚಿನಲ್ಲಿ ಕಂದು ಗೆರೆ. ರುಚಿ ಸಿಹಿ, ಅದರ ಹಿಂದೆ ಗಂಧಕದ ಸಣ್ಣ ನೆನಪು. ಎಳೆ ನವಿಲುಕೋಸಿನ ಹತ್ತಿರದ ರುಚಿ. ಇದು ಇದರದ್ದೇ ಗುಣ, ಯಾರ ಬದಲಿಯೂ ಅಲ್ಲ ಎಂದು ಒಪ್ಪಿಕೊಂಡ ದಿನ ಇದು ಬಹಳ ಒಳ್ಳೆಯ ಪದಾರ್ಥವಾಗುತ್ತದೆ.

ಗರಿಗರಿ ಬೇಕೇ ಬೇಕು ಎನ್ನುವವರಿಗೆ ದಾರಿ ತೋರಿಸಿದ್ದು ನಮ್ಮ ಮನೆಯಲ್ಲಿ ನನ್ನ ಅತ್ತೆ. ಮೊದಲಿಗೆ ಅವರಿಗೆ ಇದು ಒಪ್ಪಿಗೆಯಾಗಿರಲಿಲ್ಲ. "ಮೂಲಂಗೀನ ಹುರೀತೀಯೇನೇ? ನೀರೇ ಅಲ್ವೇ ಅದು, ಏನು ಉಳಿಯುತ್ತೆ?" ಎಂದಿದ್ದರು. ಉಳಿದದ್ದನ್ನು ತಿಂದು ನೋಡಿ, ಒಂದು ಕ್ಷಣ ಸುಮ್ಮನಿದ್ದು, "ಬೆಂಡೆಕಾಯಿಗೆ ಹಾಕೋ ಹಾಗೆ ಇದಕ್ಕೂ ಒಂದು ಚಮಚ ಅಕ್ಕಿಹಿಟ್ಟು ಸವರು" ಎಂದರು. ಅದರಲ್ಲೇ ಇಡೀ ವಿಜ್ಞಾನ ಇತ್ತು. ಮೂಲಂಗಿಯಲ್ಲಿ ಇಲ್ಲದ ಪಿಷ್ಟವನ್ನು ಹೊರಗಿನಿಂದ ತೆಳ್ಳಗೆ ಕೊಟ್ಟ ಹಾಗಾಯಿತು. ಜೊತೆಗೆ ಅರ್ಧ ಚಮಚ ಕಡಲೆಹಿಟ್ಟು ಸೇರಿದರೆ ಅದರ ಪ್ರೋಟೀನಿನಿಂದ ಬಣ್ಣ ಇನ್ನೂ ಬೇಗ ಹತ್ತುತ್ತದೆ. ಪಥ್ಯದವರು ಹಿಟ್ಟು ಬಿಡಬಹುದು. ನಮಗೆ ಆ ಕಟ್ಟು ಇಲ್ಲ.

ಮಾಡುವುದು ಹೀಗೆ. ಬೆಂಡಾಗದ ಮೂಲಂಗಿ ಮುಖ್ಯ. ಹಿಡಿದರೆ ತೂಕವಿರಬೇಕು, ಉಗುರು ಹಾಕಿದರೆ ರಸ ಬರಬೇಕು. ಬೆಂಡು ಬಿದ್ದದ್ದು ಗಾಳಿಗೆ ಒಣಗಿ ನಾರಾಗುತ್ತದೆ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ಬೆಳೆಸಿದ ಅರ್ಕಾ ನಿಶಾಂತ್ ಎಂಬ ಬಿಳಿ ಉದ್ದ ತಳಿ ಬೇಗ ಬೆಂಡಾಗದಿರುವುದಕ್ಕೆ, ಘಾಟು ಕಡಿಮೆ ಇರುವುದಕ್ಕೆ ಹೆಸರಾದದ್ದು. ಬೆಂಗಳೂರಿನ ಮಾರುಕಟ್ಟೆಯಲ್ಲಿ ಸಿಗುವ ಗುಲಾಬಿ ಬಣ್ಣದ್ದೂ ಚೆನ್ನಾಗಿಯೇ ಆಗುತ್ತದೆ, ಬಣ್ಣ ಮಾತ್ರ ಕಾವಿಗೆ ಮಸುಕಾಗುತ್ತದೆ. ಸಿಪ್ಪೆ ಹೆರೆಯಬೇಕಿಲ್ಲ, ತೊಳೆದು ಬಟ್ಟೆಯಲ್ಲಿ ಚೆನ್ನಾಗಿ ಒರೆಸಬೇಕು. ಕಿರುಬೆರಳ ದಪ್ಪಕ್ಕೆ ಹೋಳು. ಇದಕ್ಕಿಂತ ತೆಳ್ಳಗಾದರೆ ಒಣಗಿ ತೊಗಲಾಗುತ್ತದೆ. ಹೋಳು ಮಾಡಿ ಇಟ್ಟು ಬೇರೆ ಕೆಲಸಕ್ಕೆ ಹೋಗಬೇಡಿ, ಕಿಣ್ವ ಕಾಯುವುದಿಲ್ಲ. ಒಂದು ಚಮಚ ಎಣ್ಣೆ, ಅರಿಸಿನ, ಖಾರದಪುಡಿ, ಚಿಟಿಕೆ ಇಂಗು, ಅಕ್ಕಿಹಿಟ್ಟು ಸವರಿ, ಮೊದಲೇ ಕಾಯಿಸಿದ ಬುಟ್ಟಿಯಲ್ಲಿ ಒಂದೇ ಪದರವಾಗಿ ಹರಡಬೇಕು. ಉಪ್ಪು ಈಗ ಬೇಡ, ಮೊದಲೇ ಹಾಕಿದರೆ ನೀರು ಎಳೆದು ಮೈ ಒದ್ದೆ ಮಾಡುತ್ತದೆ. 190 ಡಿಗ್ರಿಯಲ್ಲಿ 15ರಿಂದ 18 ನಿಮಿಷ, ನಡುವೆ ಒಂದು ಸಲ ಬುಟ್ಟಿ ಕುಲುಕಿಸಿ.

ಬುಟ್ಟಿ ಎಳೆದು ನೋಡುತ್ತಿದ್ದರೆ ಒಂದೊಂದು ಹಂತವೂ ಕಾಣುತ್ತದೆ. ಮೊದಲ ನಿಮಿಷಗಳಲ್ಲಿ ಹೋಳು ಬೆವರುತ್ತದೆ, ಬಿಳಿ ಹೋಗಿ ಅರೆಪಾರದರ್ಶಕವಾಗುತ್ತದೆ. ಮೂಲಂಗಿಯ ವಾಸನೆ ಹಿಂದಿನ ಕಿಂಡಿಯಿಂದ ಹೊರಟು ಅಡುಗೆಮನೆ ತುಂಬುತ್ತದೆ. ಕಿಟಕಿ ತೆಗೆದಿಡಿ, ಆ ವಾಸನೆ ಹೋಳಿನಿಂದ ಹೊರಗೆ ಹೋಗುತ್ತಿರುವುದು ಒಳ್ಳೆಯದೇ. ಅರ್ಧ ದಾರಿಯಲ್ಲಿ ಮೈ ಒಣಗಿ ಅಂಚು ಒಳಕ್ಕೆ ಬಾಗುತ್ತದೆ, ಬುಟ್ಟಿಯಲ್ಲಿ ಜಾಗ ಖಾಲಿಯಾದ ಹಾಗೆ ಕಾಣುತ್ತದೆ. ಆಮೇಲೆ ಬಣ್ಣ, ಅದೂ ಒಮ್ಮೆಲೇ. ವಾಸನೆಯೂ ಆಗಲೇ ಬದಲಾಗುವುದು. ಘಾಟಿನ ಜಾಗಕ್ಕೆ ಹುರಿದ ಕಡಲೆಯ ಪರಿಮಳ ಬರುತ್ತದೆ.

ಅಲ್ಲಿಗೆ ನಿಲ್ಲಿಸಬೇಕು, ಕಪ್ಪಾಗಲು ಬಿಡಬಾರದು. ಇದಕ್ಕೆ ರುಚಿಯ ಕಾರಣ ಒಂದು, ಇನ್ನೊಂದು ಕಾರಣ ಸ್ವೀಡನ್ನಿನಿಂದ ಬಂದದ್ದು. 1997ರಲ್ಲಿ ಅಲ್ಲಿನ ಹಾಲಂಡ್ಸೋಸ್ ಎಂಬಲ್ಲಿ ರೈಲು ಸುರಂಗ ಕೊರೆಯುವಾಗ ನೀರು ಸೋರದಂತೆ ಬಂಡೆಯ ಬಿರುಕಿಗೆ ತುಂಬಿದ ರಾಸಾಯನಿಕದಿಂದ ಅಕ್ರಿಲಮೈಡ್ ಹೊಳೆಗೆ ಸೇರಿತು. ಮೀನು ಸತ್ತವು, ಹಸುಗಳು ಕಾಲೆತ್ತಲಾರದಾದವು. ಕೆಲಸಗಾರರ ರಕ್ತ ಪರೀಕ್ಷೆ ಮಾಡುವಾಗ ಹೋಲಿಕೆಗೆಂದು ಸುರಂಗದ ಹತ್ತಿರವೂ ಸುಳಿಯದ ಜನರ ರಕ್ತವನ್ನೂ ನೋಡಿದರು. ಅವರಲ್ಲೂ ಅದರ ಗುರುತು ಇತ್ತು. ಅದು ಎಲ್ಲಿಂದ ಬಂತು ಎಂಬ ಪ್ರಶ್ನೆಯನ್ನು ಮಾರ್ಗರೆಟಾ ಟೋರ್ನ್‌ಕ್ವಿಸ್ಟ್ ಮತ್ತು ಸ್ಟಾಕ್‌ಹೋಂ ವಿಶ್ವವಿದ್ಯಾಲಯದ ಅವರ ಜೊತೆಗಾರರು ಬಿಡಲಿಲ್ಲ. 2002ರ ಏಪ್ರಿಲ್‌ನಲ್ಲಿ ಉತ್ತರ ಹೊರಬಿತ್ತು. ಹೆಚ್ಚು ಕಾವಿನಲ್ಲಿ ಕರಿದ, ಹುರಿದ ಪಿಷ್ಟದ ಆಹಾರದಲ್ಲಿ ಅಕ್ರಿಲಮೈಡ್ ಇದೆ. ಅದೇ ವರ್ಷ ಅದರ ಮೂಲವೂ ತಿಳಿಯಿತು: ಆಸ್ಪರಜಿನ್ ಎಂಬ ಅಮೈನೋ ಆಮ್ಲ ಸಕ್ಕರೆಯ ಜೊತೆ ಸೇರಿ ಕಂದುವಾಗ, ಅಂದರೆ ಮೈಯಾರರ ಕ್ರಿಯೆಯಲ್ಲೇ, ಅದು ಹುಟ್ಟುತ್ತದೆ. ಪರಿಮಳ ಕೊಡುವ ಕ್ರಿಯೆಯೇ ಮಿತಿ ಮೀರಿದರೆ ಇದನ್ನೂ ಕೊಡುತ್ತದೆ. ಹೊಂಬಣ್ಣ ಬಂದಾಗ ಬುಟ್ಟಿ ತೆಗೆಯುವುದು ಇದಕ್ಕೇ.

ತೆಗೆದ ಕೂಡಲೇ ಉಪ್ಪು, ನಾಲ್ಕು ಹನಿ ನಿಂಬೆರಸ. ಬಿಸಿ ಅನ್ನ ತಿಳಿಸಾರಿನ ಜೊತೆ ನೆಂಚಿಕೊಳ್ಳಲು ಇದಕ್ಕಿಂತ ಹಗುರಾದದ್ದು ಬೇಡ. ಮುದ್ದೆ ಉಪ್ಸಾರಿನ ಪಕ್ಕದಲ್ಲೂ ಒಪ್ಪುತ್ತದೆ. ಸೊಪ್ಪನ್ನು ಬುಟ್ಟಿಗೆ ಹಾಕಬೇಡಿ, ಹಗುರವಾದ ಎಲೆ ಹಾರಿ ಮೇಲಿನ ಕಾಯಿಲಿಗೆ ಅಂಟಿ ಸುಡುತ್ತದೆ. ಅದು ಬೇಳೆಯ ಜೊತೆ ಪಲ್ಯಕ್ಕೇ ಸರಿ. ಹುರಿದ ಹೋಳು ಹತ್ತು ನಿಮಿಷದಲ್ಲಿ ಮೆತ್ತಗಾಗುತ್ತದೆ, ಯಾಕೆಂದರೆ ಒಳಗಿನ ನೀರು ಮತ್ತೆ ಮೈಗೆ ಬರುತ್ತದೆ. ಮೆತ್ತಗಾಗಿ ಉಳಿದದ್ದನ್ನು ಸಣ್ಣಗೆ ಹೆಚ್ಚಿ, ಗಟ್ಟಿ ಮೊಸರಿಗೆ ಹಾಕಿ, ಮೇಲೆ ಸಾಸಿವೆ ಒಣಮೆಣಸಿನಕಾಯಿಯ ಒಗ್ಗರಣೆ ಕೊಟ್ಟರೆ ಹಸಿ ಮೂಲಂಗಿಯ ಮೊಸರುಬಜ್ಜಿಗಿಂತ ಅದನ್ನೇ ಹೆಚ್ಚು ಇಷ್ಟಪಡುವವರು ನಮ್ಮ ಮನೆಯಲ್ಲೇ ಇದ್ದಾರೆ. ಅತ್ತೆ ಈಗ ಅದಕ್ಕೆಂದೇ ನಾಲ್ಕು ಹೋಳು ಹೆಚ್ಚಾಗಿ ಹುರಿಸುತ್ತಾರೆ.